ಹೊಸ ಬ್ಲೂ ಟ್ಯಾಂಗ್: ನೇರವಾಗಿ ಹವಳದ ಟ್ಯಾಂಕಿಗೆ ಬೇಡ

ಅಂಗಡಿಯಲ್ಲಿ ಚೆನ್ನಾಗಿ ತಿನ್ನುತ್ತಿತ್ತು, ಮೈಮೇಲೆ ಒಂದೂ ಬಿಳಿ ಚುಕ್ಕೆ ಇಲ್ಲ, ಬ್ಲೂ ಟ್ಯಾಂಗ್ ಅನ್ನೋ ಸಮುದ್ರದ ಮೀನನ್ನು ನೇರವಾಗಿ ಹವಳದ ಟ್ಯಾಂಕಿಗೆ ಬಿಡಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಬಿಡಬೇಡಿ. ಟ್ಯಾಂಗ್‌ಗಳಿಗೆ ಮರೀನ್ ಇಕ್ (ಪರಾವಲಂಬಿ ಜೀವಿಯಿಂದ ಬರುವ ಬಿಳಿ ಚುಕ್ಕೆ ರೋಗ) ಬಹಳ ಬೇಗ ಅಂಟುತ್ತದೆ. ಚರ್ಮ ಸ್ವಚ್ಛವಾಗಿ ಕಂಡರೂ ಕಿವಿರಿನೊಳಗೆ ಪರಾವಲಂಬಿ ಇರಬಹುದು. ಅದು ಕೆಲವು ದಿನ ಮೀನಿನ ಮೇಲಿದ್ದು ಉದುರುತ್ತದೆ. ಆಮೇಲೆ ಮರಳಿಗೋ ಕಲ್ಲಿಗೋ ಅಂಟಿಕೊಂಡು, ಒಡೆದು, ನೂರಾರು ಮರಿ ಬಿಡುತ್ತದೆ. ಚುಕ್ಕೆ ಮಾಯವಾಯಿತು, ಮೀನು ಹುಷಾರಾಯಿತು ಅಂತ ಜನ ಮೋಸಹೋಗುವುದು ಇಲ್ಲೇ.

ಬೇರೆ ಟ್ಯಾಂಕಿನಲ್ಲಿ 4 ರಿಂದ 6 ವಾರ ಇಡಿ. ಮರಳು ಬೇಡ, ಅಡಗಲು ಪಿವಿಸಿ ಪೈಪಿನ ತುಂಡು ಸಾಕು. ನೀರಿನಲ್ಲಿ ಅಮೋನಿಯಾ (ಮೀನಿನ ತ್ಯಾಜ್ಯದಿಂದ ಸೇರುವ ವಿಷ) ಎಷ್ಟಿದೆ ಅಂತ ದಿನಾ ನೋಡಿ. ತಾಮ್ರದ ಔಷಧಿ ಕೊಡುವುದಾದರೆ ಅಲ್ಲೇ ಕೊಡಿ, ಟೆಸ್ಟ್ ಕಿಟ್‌ನಲ್ಲಿ ಅಳೆಯುತ್ತಾ ಇರಿ. ಹವಳದ ಟ್ಯಾಂಕಿಗೆ ಅದು ಸೇರಿದರೆ ಹವಳ, ಸಿಗಡಿ ಎರಡೂ ಸಾಯುತ್ತವೆ. ಬಲೆ, ಬಕೆಟ್ ಕೂಡ ಬೇರೆಯೇ ಇರಲಿ. ಅಂಗಡಿಯ ನೀರನ್ನಂತೂ ಸುರಿಯಲೇಬೇಡಿ.

ಉಸಿರಾಟ ಜೋರಾಗಿ, ಮೈಮೇಲೆ ನುಣ್ಣನೆ ಧೂಳು ಕೂತಂತೆ ಕಂಡರೆ ವೆಲ್ವೆಟ್ ಅನ್ನೋ ಇನ್ನೊಂದು ಪರಾವಲಂಬಿ ರೋಗ ಇರಬಹುದು. ಆಗ ನಾಳೆ ನೋಡೋಣ ಅನ್ನಬೇಡಿ, ಚಿಕಿತ್ಸೆ ಅವತ್ತೇ ಶುರುವಾಗಬೇಕು.

ಈಗಾಗಲೇ ಬಿಟ್ಟಿದ್ದರೆ ತಿಳಿಸಿ. ಇಕ್ ಬಂದರೆ ಎಲ್ಲ ಮೀನನ್ನೂ ಹೊರತೆಗೆದು, ಟ್ಯಾಂಕನ್ನು ಸುಮಾರು ಎರಡೂವರೆ ತಿಂಗಳು ಮೀನಿಲ್ಲದೆ ಬಿಡಬೇಕಾಗುತ್ತದೆ.