ಗೇಟಿನಿಂದ ಶುರುವಾಗುವ ಕಾರ್ಖಾನೆ ಬೇಡ

ದಾಂಡೇಲಿಯ ಗೆಳೆಯರಿಗೆ,

ನಮಸ್ಕಾರ. ‘ನಮ್ಮೂರ ಹೆಮ್ಮೆ ಕಾಗದ ಕಾರ್ಖಾನೆ’ ಲೇಖನ ತಲುಪಿತು. ಎರಡು ಸಲ ಓದಿದೆ. ಈಗಿರುವ ಹಾಗೆ ನಾವು ಇದನ್ನು ಹಾಕುವುದಿಲ್ಲ. ಆದರೆ ಬಿಟ್ಟುಬಿಡಬೇಡಿ, ತಿದ್ದಿ ಬರೆಯಿರಿ. ಯಾಕೆ ಅಂತ ಹೇಳುತ್ತೇನೆ.

ಮೊದಲ ನಾಲ್ಕು ಪುಟ ಕಂಪನಿಯ ವಾರ್ಷಿಕ ವರದಿಯ ಹಾಗಿದೆ. ಉತ್ಪಾದನೆ, ಯಂತ್ರ, ಆಡಳಿತದವರ ದೂರದೃಷ್ಟಿ. ಇದನ್ನು ಬರೆಯಲು ಅವರ ಹತ್ತಿರ ಜನ ಇದ್ದಾರೆ ಮಾರಾಯ್ರೇ, ನೀವು ಬೇಕಿಲ್ಲ. ಐದನೇ ಪುಟದಲ್ಲಿ ಒಂದು ಸಾಲು ಬರುತ್ತದೆ: ಅಜ್ಜ ಪಾಳಿ ಮುಗಿಸಿ ಬಂದರೆ ಅಂಗಿಯ ವಾಸನೆಗೆ ಅಜ್ಜಿ ಅದನ್ನು ಹೊರಗೇ ಹಾಕಿಸುತ್ತಿದ್ದರು. ನಿಮ್ಮ ಲೇಖನ ಇರುವುದು ಅಲ್ಲಿ. ಆ ವಾಸನೆ ಎಲ್ಲಿಂದ ಬರುತ್ತಿತ್ತು ಎಂದು ಯಾರನ್ನಾದರೂ ಕೇಳಿದ್ದೀರಾ? ಬಿದಿರಿನ ಚೂರುಗಳನ್ನು ಕಾಸ್ಟಿಕ್ ಸೋಡಾ ಮತ್ತು ಗಂಧಕದ ರಾಸಾಯನಿಕ ಹಾಕಿ ಒತ್ತಡದಲ್ಲಿ ಬೇಯಿಸುತ್ತಾರೆ. ನಾರು ಬೇರೆಯಾಗುತ್ತದೆ, ಕಪ್ಪು ದ್ರಾವಣ ಉಳಿಯುತ್ತದೆ. ಗಂಧಕದ ಆ ಕೊಳೆತ ವಾಸನೆ ಹುಟ್ಟುವುದು ಈ ಬೇಯಿಸುವ ಕೆಲಸದಲ್ಲೇ. ಅಜ್ಜ ಯಾವ ವಿಭಾಗದಲ್ಲಿದ್ದರು ಎಂದು ಬರೆದಿದ್ದರೆ ಓದುಗರಿಗೆ ಅರ್ಧ ಕಾರ್ಖಾನೆ ಕಾಣುತ್ತಿತ್ತು.

ಇನ್ನು ತಪ್ಪುಗಳು. ‘1955ರಲ್ಲಿ ಕರ್ನಾಟಕ ಸರ್ಕಾರದ ಕಾಲದಲ್ಲಿ’ ಎಂದಿದ್ದೀರಿ. ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಕಂಪನಿ ಆ ವರ್ಷ ಸ್ಥಾಪನೆಯಾಗಿದ್ದು ಸರಿ. ಆದರೆ ಆಗ ನಮ್ಮ ಉತ್ತರ ಕನ್ನಡ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು. ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು, ಕರ್ನಾಟಕ ಎಂಬ ಹೆಸರು ಬಂದದ್ದು 1973ರಲ್ಲಿ. ‘ಮಿಲ್ ಬರುವ ಮೊದಲು ಇಲ್ಲಿ ಏನೂ ಇರಲಿಲ್ಲ’ ಎಂಬುದೂ ಸುಮ್ನೆ ಮಾತು. ಮರ ಸಾಗಿಸಲು ಬ್ರಿಟಿಷರ ಕಾಲದಲ್ಲೇ ಅಳ್ನಾವರದಿಂದ ದಾಂಡೇಲಿಗೆ ರೈಲು ಹಳಿ ಬಂದಿತ್ತು. ಕಾಡಿನಲ್ಲಿ ಕುಣಬಿಗಳು, ಗೌಳಿಗಳು, ಸಿದ್ದಿಗಳು ಇದ್ದರು. ಅವರು ‘ಏನೂ ಅಲ್ಲ’ವೇ?

ನನಗೆ ಜಾಸ್ತಿ ಬೇಸರವಾದದ್ದು ಬೇರೆ ಕಾರಣಕ್ಕೆ. ಆರು ಪುಟದಲ್ಲಿ ಬಿದಿರು ಒಂದೇ ಸಲ ಬರುತ್ತದೆ, ಅದೂ ‘ಕಚ್ಚಾವಸ್ತು’ ಎಂದು. ಕಾರ್ಖಾನೆ ದಾಂಡೇಲಿಗೆ ಬಂದದ್ದೇ ಕಾಡಿನ ಬಿದಿರಿಗೆ, ಕಾಳಿ ನದಿಯ ನೀರಿಗೆ. 1970ರ ದಶಕದಲ್ಲಿ ನಮ್ಮ ಜಿಲ್ಲೆಯ ಬಿದಿರು ಯಾಕೆ ಕಮ್ಮಿಯಾಗುತ್ತಿದೆ ಎಂದು ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ಅಧ್ಯಯನ ಮಾಡಿದರು. ಕಾರ್ಖಾನೆಗೆ ಬಿದಿರು ಕಡಿಯುವವರು ಮೆಳೆಯ ಬುಡದ ಮುಳ್ಳನ್ನು ಸವರಿಬಿಡುತ್ತಿದ್ದರು. ಹಾಗೆ ಮಾಡಿದರೆ ಮೆಳೆಗೆ ಒಳ್ಳೆಯದು ಎಂಬ ಲೆಕ್ಕ. ಹಳ್ಳಿಯವರು ಹೇಳಿದ್ದೇ ಬೇರೆ: ಮುಳ್ಳು ಹೋದರೆ ಕಳಲೆಯನ್ನು, ಅಂದರೆ ಎಳೆ ಬಿದಿರನ್ನು, ದನ, ಮುಸಿಯ ತಿಂದು ಮುಗಿಸುತ್ತವೆ. ಅಧ್ಯಯನದಲ್ಲಿ ಹಳ್ಳಿಯವರ ಮಾತೇ ನಿಜವಾಯಿತು. ಇಂಥ ಕಥೆ ನಿಮ್ಮ ಊರಿನ ಬೆನ್ನಿಗೇ ಇರುವಾಗ ನೀವು ಯಂತ್ರದ ಅಗಲ ಬರೆದಿದ್ದೀರಿ.

ಬಿದಿರು ಕಮ್ಮಿಯಾದ ಮೇಲೆ ಮೇದಾರರ ಬುಟ್ಟಿ ಏನಾಯಿತು? ನಮ್ಮ ಶಿರಸಿ ಕಡೆ ಅಡಿಕೆ ಕೊಯ್ಯುವ ದೋಟಿಗೂ ಬಿದಿರೇ ಬೇಕಿತ್ತು, ಹಾಗಾಗಿ ಇದು ಬರೀ ದಾಂಡೇಲಿಯ ವಿಷಯವೂ ಅಲ್ಲ. ಆಮೇಲೆ ಕಾಗದಕ್ಕೆ ನೀಲಗಿರಿ, ಗಾಳಿಮರ, ಸುಬಾಬುಲ್ ಮರಗಳು ಬಂದವು. ಅದನ್ನು ಬೆಳೆದ ರೈತರನ್ನು ಮಾತಾಡಿಸಿ. ಕಾಳಿಯ ನೀರಿನ ಬಗ್ಗೆ ಕೆಳಗಿನ ಊರಿನವರು ಏನು ಹೇಳುತ್ತಾರೆ, ಕಾರ್ಖಾನೆಯವರು ಏನು ಹೇಳುತ್ತಾರೆ, ಎರಡೂ ಬರಲಿ. ಸಂಬಳದಿಂದ ಎಷ್ಟೋ ಮನೆ ನಿಂತಿವೆ, ಮಕ್ಕಳು ಓದಿದ್ದಾರೆ. ಅದೂ ನಿಜ, ಅದನ್ನು ಅಳಿಸಿ ಎನ್ನುತ್ತಿಲ್ಲ. ಹೊಗಳುವುದಕ್ಕೂ ಬೈಯುವುದಕ್ಕೂ ಮೊದಲು ಕೇಳಿಕೊಂಡು ಬನ್ನಿ, ಅಷ್ಟೇ.

ಕಾರ್ಖಾನೆಯ ಬಂಗೂರನಗರದ ಕ್ವಾರ್ಟರ್ಸ್‌ನಲ್ಲಿ ತೆಲುಗು, ಮರಾಠಿ, ಹಿಂದಿ, ಕೊಂಕಣಿ ಎಲ್ಲ ಕೇಳಿ ಬೆಳೆದೆ ಎಂದಿದ್ದೀರಿ. ಹಾಗಿದ್ದರೆ ನಿಮ್ಮ ಪಾತ್ರಗಳೆಲ್ಲ ಪಠ್ಯಪುಸ್ತಕದ ಕನ್ನಡ ಯಾಕೆ ಮಾತಾಡುತ್ತಾರೆ? ‘ಶ್ರಮಜೀವಿಗಳ ಬೆವರಿನ ಮಹಾಕಾವ್ಯ’ ಎಂಬ ಸಾಲನ್ನು ನಾನೇ ಹೊಡೆದು ಹಾಕಿದ್ದೇನೆ, ಬೇಜಾರಾಗಬೇಡಿ.

ಹೊಸ ಪ್ರತಿ 3 ಪುಟ ಮೀರದಿರಲಿ. ಫೋಟೋಗಳಲ್ಲಿ ಚಿಮಣಿಯದು ಬೇಡ. ಅಜ್ಜನ ಹಳೆಯ ಗೇಟ್ ಪಾಸ್ ಇದ್ದರೆ ಕಳಿಸಿ, ವಾಪಸ್ ಕೊಡುತ್ತೇವೆ. ಸಂಭಾವನೆ ಹೇಳಿಕೊಳ್ಳುವಷ್ಟಿಲ್ಲ, ಅದನ್ನು ಈಗಲೇ ಹೇಳಿಬಿಡುತ್ತೇನೆ.

ಇಂತಿ,
ಸಂಪಾದಕ, ಶಿರಸಿ