ಮೈಗ್ರೇನ್ ಬಗ್ಗೆ ಮ್ಯಾನೇಜರ್‌ಗೆ ಹೇಳುವ ಮೊದಲು ಗುಳಿಗೆ ಎಣಿಸಿರಿ

ಹುಬ್ಬಳ್ಳಿಯ ಗೋಕುಲ ರೋಡಿನ ಆಫೀಸಿನಲ್ಲಿ ಬಿಲ್ಲಿಂಗ್ ಕೆಲಸ, ತಿಂಗಳಿಗೆ ಹದಿನಾರು ಹದಿನೇಳು ದಿನ ಅರೆದಲೆ ನೋವು. ರಜೆ ಕೇಳಿದರೆ ಮ್ಯಾನೇಜರ್ “ತಲಿಶೂಲಿ ಯಾರಿಗಿಲ್ರೀ? ಒಂದು ಗುಳಿಗಿ ತಗೊಂಡು ಕುಂದರ್ರಿ” ಅಂತಾರೆ, ಕೆಲಸ ಬಿಡಲೋ ಇರಲೋ ಅಂತ ಕೇಳಿದ್ದೀರಿ. ಈಗಲೇ ಬಿಡಬೇಡಿ. ಆದರೆ ಆ “ಒಂದು ಗುಳಿಗಿ” ಮಾತು ಕೇಳಿ ಕೇಳಿಯೇ ನಿಮ್ಮ ನೋವು ಹೆಚ್ಚಾಗಿರಬಹುದು. ಮೊದಲು ಅದನ್ನು ಬಗೆಹರಿಸಬೇಕು.

ಮೂರು ತಿಂಗಳಿಗೂ ಮೇಲ್ಪಟ್ಟು, ತಿಂಗಳಲ್ಲಿ 15 ಅಥವಾ ಹೆಚ್ಚು ದಿನ ತಲೆನೋವಿದ್ದು, ಅದರಲ್ಲಿ ಕನಿಷ್ಠ 8 ದಿನ ಮೈಗ್ರೇನ್ ಲಕ್ಷಣ ಕಂಡರೆ ಅದು ಕ್ರಾನಿಕ್ ಮೈಗ್ರೇನ್. ಇಷ್ಟು ದಿನ ನೋವಿರುವವರಲ್ಲಿ ಬಹಳ ಮಂದಿಗೆ ಗುಳಿಗೆಯ ಅತಿಬಳಕೆಯೂ ಜೊತೆಗಿರುತ್ತದೆ. ಬರೀ ಪ್ಯಾರಾಸಿಟಮಾಲ್, ಐಬುಪ್ರೊಫೆನ್, ನ್ಯಾಪ್ರೋಕ್ಸೆನ್ ಆದರೆ ಅತಿಬಳಕೆಯ ಗಡಿ ತಿಂಗಳಿಗೆ 15 ದಿನ. ಟ್ರಿಪ್ಟಾನ್, ಎರ್ಗೋಟಮಿನ್ ಎಂಬ ಮೈಗ್ರೇನ್ ಗುಳಿಗೆಗಳು ಅಥವಾ ಕೆಫೀನ್ ಸೇರಿದ ಮಿಶ್ರ ಗುಳಿಗೆಗಳಾದರೆ 10 ದಿನ. ಮೂರು ತಿಂಗಳು ಮೀರಿ ಈ ಗಡಿ ಮುಟ್ಟಿದರೆ ಔಷಧಿಯೇ ತಲೆನೋವು ತರಲು ಶುರುಮಾಡಬಹುದು. ಲೆಕ್ಕ ಎಷ್ಟು ಗುಳಿಗೆ ಅಂತಲ್ಲ, ಎಷ್ಟು ದಿನ ಅಂತ. ಮೆಡಿಕಲ್ ಶಾಪಿನಲ್ಲಿ “ತಲಿಶೂಲಿಗೆ ಒಂದು ಕೊಡ್ರಿ” ಅಂದಾಗ ಸಿಗುವುದು ಮಿಶ್ರ ಗುಳಿಗೆಯೂ ಆಗಿರಬಹುದು. ಸ್ಟ್ರಿಪ್ಪಿನ ಹಿಂದೆ ಏನೇನಿದೆ ಓದಿರಿ, ಇಲ್ಲವಾದರೆ ಫೋಟೋ ತೆಗೆದು ಡಾಕ್ಟರಿಗೆ ತೋರಿಸಿರಿ.

ಈ ಅತಿಬಳಕೆ ಬಿಡಿಸುವಾಗ ಮೊದಲ 2ರಿಂದ 10 ದಿನ ನೋವು ಇನ್ನೂ ಏರುತ್ತದೆ. ಗೊತ್ತಿಲ್ಲದೆ ಸೋಮವಾರ ಬಿಟ್ಟು ಬುಧವಾರ ಮತ್ತೆ ನುಂಗುವವರೇ ಹೆಚ್ಚು. ಆದ್ದರಿಂದ ರಜೆಯನ್ನು ಚೂರುಚೂರಾಗಿ ಕಳೆಯಬೇಡಿ, ಗುಳಿಗೆ ಬಿಡಿಸುವ ವಾರಕ್ಕೆಂದು ಮೊದಲೇ ಕೇಳಿ ಇಟ್ಟುಕೊಳ್ಳಿರಿ. ಕೊಡೀನ್, ಟ್ರಮಡಾಲ್ ಅಥವಾ ನಿದ್ರೆಯ ಔಷಧಿ ತಗೊಳ್ಳುತ್ತಿದ್ದರೆ ಒಮ್ಮೆಲೇ ನಿಲ್ಲಿಸಬಾರದು, ಡಾಕ್ಟರ ಹತ್ತಿರವೇ ಇಳಿಸಿಕೊಳ್ಳಬೇಕು.

ಡಾಕ್ಟರ್ ಅಂದರೆ ನರರೋಗ ತಜ್ಞರು. ಹುಬ್ಬಳ್ಳಿಯ ಕಿಮ್ಸ್ (ಈಗ ಕೆಎಂಸಿ-ಆರ್‌ಐ), ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆಗಳು ನಿಮಗೆ ಹತ್ತಿರವೇ ಇವೆ. ಗದಗ, ಹಾವೇರಿ ಕಡೆಯವರು ಅಲ್ಲಿನ ಮೆಡಿಕಲ್ ಕಾಲೇಜು ಆಸ್ಪತ್ರೆಯ ಮೆಡಿಸಿನ್ ವಿಭಾಗದಿಂದ ಶುರುಮಾಡಬಹುದು. ತಡೆಯುವ ಔಷಧಿ ಬೇರೆ ಇದೆ, ಅದನ್ನು ನೋವಿರಲಿ ಬಿಡಲಿ ದಿನಾ ತಗೊಳ್ಳಬೇಕು. ಗುಣ ತಿಳಿಯಲು 6ರಿಂದ 8 ವಾರ ಬೇಕು. ನಿಮ್ಮ ಕೆಲಸ ಎಂಥದು ಅಂತ ಮರೆಯದೆ ಹೇಳಿರಿ. ಟೋಪಿರಮೇಟ್ ಕೆಲವರಿಗೆ ಬೆರಳು ಜುಮ್ಮೆನ್ನಿಸಿ, ಮಾತು ಹುಡುಕುವಂತೆ ಮಾಡುತ್ತದೆ, ದಿನವಿಡೀ ಅಂಕಿ ಹೊಡೆಯುವವರಿಗೆ ಅದು ಕಷ್ಟ. ಅಮಿಟ್ರಿಪ್ಟಿಲಿನ್, ಫ್ಲೂನರಿಜಿನ್ ಮಂಪರು ತರುತ್ತವೆ. ಅಸ್ತಮಾ ಇದ್ದವರಿಗೆ ಪ್ರೊಪ್ರನೊಲಾಲ್ ಆಗಿಬರುವುದಿಲ್ಲ. ಗರ್ಭಧಾರಣೆಯ ಯೋಚನೆ ಇದ್ದರೆ ಮೊದಲೇ ತಿಳಿಸಬೇಕು, ಟೋಪಿರಮೇಟ್ ಮತ್ತು ವಾಲ್‌ಪ್ರೊಯೇಟ್ ಮಗುವಿಗೆ ಹಾನಿ ಮಾಡುತ್ತವೆ.

ಇನ್ನು ಮ್ಯಾನೇಜರ್. “ಭಾಳ ತ್ರಾಸ ಆಗೇತ್ರಿ” ಅಂದರೆ ಅವರಿಗೆ ಅದು ಅಳತೆಗೆ ಸಿಗದ ಮಾತು. ಮನೆಯ ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿನಲ್ಲೇ ಪ್ರತಿದಿನ ಬರೆಯಿರಿ: ನೋವು ಶುರುವಾದದ್ದು, ನಿಂತದ್ದು, ಹತ್ತಕ್ಕೆ ಎಷ್ಟು, ಯಾವ ಗುಳಿಗೆ ಎಷ್ಟು ಗಂಟೆಗೆ, ಎಷ್ಟು ತಾಸಿನ ಕೆಲಸ ಹೋಯಿತು. ಮುಟ್ಟಿನ ದಿನ, ತಪ್ಪಿದ ಊಟವನ್ನೂ ಗುರುತು ಮಾಡಿರಿ. ಶ್ರಾವಣ ಸೋಮವಾರದ ಉಪವಾಸ, ಅಮಾವಾಸ್ಯೆ ಪೂಜೆಯ ಊದಿನಕಡ್ಡಿ ಹೊಗೆ, ರವಿವಾರ ತಡವಾಗಿ ಎದ್ದು ಚಹಾ ತಪ್ಪಿದ್ದು, ಏಪ್ರಿಲ್ ಬಿಸಿಲಲ್ಲಿ ಗಾಡಿ ಹೊಡೆದದ್ದು, ಬ್ಯಾಡಗಿ ಕಡೆಯವರಿಗೆ ಮೆಣಸಿನಕಾಯಿ ಘಾಟು, ಇವೆಲ್ಲ ಕ್ಯಾಲೆಂಡರಿನಲ್ಲಿ ತಾವಾಗಿಯೇ ಎದ್ದು ಕಾಣುತ್ತವೆ. ಮೂರು ತಿಂಗಳ ಬರಹದಿಂದ ಮೈಡಾಸ್ ಎಂಬ ಅಳತೆ ಹಾಕಬಹುದು: ಪೂರ್ತಿ ತಪ್ಪಿದ ಕೆಲಸದ ದಿನ, ಅರ್ಧ ಅಥವಾ ಅದಕ್ಕೂ ಕಡಿಮೆ ಕೆಲಸವಾದ ದಿನ, ಮನೆಗೆಲಸಕ್ಕೂ ಇವೇ ಎರಡು, ಕೊನೆಗೆ ತಪ್ಪಿದ ಮದುವೆ ಮುಂಜಿವೆಯಂಥ ದಿನಗಳು. ಐದನ್ನೂ ಕೂಡಿಸಿದರೆ 21 ಮುಟ್ಟಿತೋ, ತೀವ್ರ ಅಂತ ಲೆಕ್ಕ.

“ತಲೆನೋವು, 2 ದಿನ ವಿಶ್ರಾಂತಿ” ಎಂಬ ಚೀಟಿಯಿಂದ ಏನೂ ಆಗುವುದಿಲ್ಲ. ರೋಗದ ಹೆಸರು, ಚಿಕಿತ್ಸೆ ಶುರುವಾದ ತಾರೀಖು, ಮರುತಪಾಸಣೆಯ ತಾರೀಖು, ಕೆಲಸದಲ್ಲಿ ಬೇಕಾದ ಬದಲಾವಣೆ, ಈ ನಾಲ್ಕೂ ಇರುವ ಪತ್ರ ಕೇಳಿ ಪಡೆಯಿರಿ. ನೋವಿಲ್ಲದ ದಿನ, ತಿಂಗಳ ಕೊನೆಯ ಬಿಲ್ಲಿಂಗ್ ಗದ್ದಲ ಮುಗಿದ ಮೇಲೆ, ಮ್ಯಾನೇಜರ್ ಒಬ್ಬರೇ ಇರುವಾಗ ಮಾತಾಡಿರಿ. ಅವತ್ತೇ ಸಂಜೆ ಮೇಲ್ ಹಾಕಿರಿ:

“ಸರ್, ಇವತ್ತು ಮಾತಾಡಿದಂತೆ, ನನಗೆ ಕ್ರಾನಿಕ್ ಮೈಗ್ರೇನ್ ಇದೆ, ವೈದ್ಯರ ಪತ್ರ ಲಗತ್ತಿಸಿದ್ದೇನೆ. 12 ವಾರಗಳ ಮಟ್ಟಿಗೆ ಮೂರು ಅನುಕೂಲ ಬೇಕು: ಕಿಟಕಿಯ ಬೆಳಕು ನೇರ ಬೀಳದ ಜಾಗ, ನೋವು ಬಂದಾಗ ಗುಳಿಗೆ ತಗೊಂಡು ಕತ್ತಲೆ ಕೋಣೆಯಲ್ಲಿ ಒಂದು ತಾಸು, ರಾತ್ರಿ ಪಾಳಿ ಬೇಡ. 12 ವಾರ ಆದ ಮೇಲೆ ಏನು ಬದಲಾಯಿತು ಎಂದು ಲೆಕ್ಕದ ಸಮೇತ ತೋರಿಸುತ್ತೇನೆ.”

ಅವಧಿ ಬರೆಯುವುದೇ ಇದರ ಜೀವಾಳ. ಕೊನೆಯಿಲ್ಲದ ರಿಯಾಯಿತಿಗೆ ಯಾವ ಮ್ಯಾನೇಜರೂ ಹೂಂ ಅನ್ನುವುದಿಲ್ಲ. ಆ ಒಂದು ತಾಸನ್ನು ಮಾತ್ರ ಬಿಟ್ಟುಕೊಡಬೇಡಿ: ಮೈಗ್ರೇನ್ ಏರಿದ ಮೇಲೆ ಹೊಟ್ಟೆ ಮಂದವಾಗಿ ಗುಳಿಗೆ ಸರಿಯಾಗಿ ಹೀರಿಕೊಳ್ಳುವುದಿಲ್ಲ, ನೋವು ಸಣ್ಣದಿರುವಾಗಲೇ ತಗೊಂಡರೆ ಕೆಲಸ ಮಾಡುತ್ತದೆ. ಫೋನಿನಲ್ಲಿ ಒಂದು ಮೆಸೇಜು ಮೊದಲೇ ಬರೆದಿಡಿರಿ: “ನೋವು ಶುರುವಾಗಿದೆ, 10:20ಕ್ಕೆ ಔಷಧಿ ತಗೊಂಡೆ, 11:30ಕ್ಕೆ ತಿಳಿಸುತ್ತೇನೆ.” ಕಣ್ಣು ಮಂಜಾದಾಗ ಟೈಪ್ ಮಾಡಲಾಗುವುದಿಲ್ಲ. ದಿನಾ ಸಂಜೆ ಯಾವ ಬಿಲ್ ಎಲ್ಲಿಗೆ ನಿಂತಿದೆ ಅಂತ ನಾಲ್ಕು ಸಾಲು ಬರೆದಿಟ್ಟರೆ “ನೀವು ಇಲ್ದಾಗ ಕೆಲಸ ನಿಂತು ಹೋಗತೈತ್ರಿ” ಎಂಬ ಮಾತಿಗೂ ಎಡೆಯಿರುವುದಿಲ್ಲ.

ಇಷ್ಟಾಗಿಯೂ ಕೇಳದಿದ್ದರೆ ಅದೇ ಮೇಲನ್ನು ಎಚ್‌ಆರ್‌ಗೆ ಕಳಿಸಿರಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಮೈಗ್ರೇನ್ ಹೆಸರಿಲ್ಲ, ಅದನ್ನು ನೆಚ್ಚಿಕೊಂಡು ವಾದ ಮಾಡಬೇಡಿ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರಂತೆ ವರ್ಷಕ್ಕೆ 12 ದಿನದವರೆಗೆ ಸಂಬಳ ಸಹಿತ ಅನಾರೋಗ್ಯ ರಜೆ ಇದೆ. ಸಂಬಳದಲ್ಲಿ ಇಎಸ್‌ಐ (ನೌಕರರ ರಾಜ್ಯ ವಿಮೆ) ಕಡಿತವಾಗುತ್ತಿದ್ದು, ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನದ ವಂತಿಗೆ ತುಂಬಿದ್ದರೆ, ವರ್ಷಕ್ಕೆ 91 ದಿನದವರೆಗೆ ಸಂಬಳದ 70% ಸಿಗುತ್ತದೆ. ಆದರೆ ಇಎಸ್‌ಐ ಡಾಕ್ಟರ ಸರ್ಟಿಫಿಕೇಟು ಬೇಕು, ಮೊದಲ ಎರಡು ದಿನಕ್ಕೆ ಸಾಮಾನ್ಯವಾಗಿ ದುಡ್ಡಿಲ್ಲ. ಗುಳಿಗೆ ಬಿಡಿಸುವ ವಾರಕ್ಕೆ ಇದು ನೆರವಾಗುತ್ತದೆ.

ಒಂದು ವಿಷಯಕ್ಕೆ ಮಾತ್ರ ಯಾರ ಅಪ್ಪಣೆಗೂ ಕಾಯಬೇಡಿ. ಸಿಡಿಲು ಬಡಿದಂತೆ ಒಂದೇ ನಿಮಿಷದಲ್ಲಿ ಏರಿದ ನೋವು, ಜ್ವರದ ಜೊತೆ ಕುತ್ತಿಗೆ ಬಿಗಿತ, ಕೈಕಾಲು ಸೋಲುವುದು, ಮಾತು ತೊದಲುವುದು ಕಂಡರೆ ಕುರ್ಚಿ ಬಿಟ್ಟು ಎದ್ದು, ಜೊತೆಗೊಬ್ಬರನ್ನು ಕರೆದುಕೊಂಡು ನೇರ ಎಮರ್ಜೆನ್ಸಿಗೆ ಹೋಗಿರಿ.

ರಾಜೀನಾಮೆಯ ಮಾತನ್ನು ಗುಳಿಗೆ ಬಿಡಿಸಿ, ತಡೆಯುವ ಔಷಧಿಗೆ 8 ವಾರ ತುಂಬಿದ ಮೇಲೆ ಯೋಚಿಸಿರಿ. ಆಗ ಹದಿನಾರು ದಿನ ಎಂಟಕ್ಕೆ ಇಳಿದಿದೆಯೋ ಇಲ್ಲವೋ ಕ್ಯಾಲೆಂಡರಿನಲ್ಲೇ ಇರುತ್ತದೆ. ಇಳಿದ ಮೇಲೂ ಅದೇ ಮ್ಯಾನೇಜರ್ ಅದೇ ಮಾತು ಆಡುತ್ತಿದ್ದರೆ, ಬೇರೆ ಕಡೆ ಅರ್ಜಿ ಹಾಕಲು ನಿಮಗೆ ತಲೆಯೂ ಸ್ವಚ್ಛ ಇರುತ್ತದೆ.