ಪ್ರತಿಕ್ರಿಯೆ: ಒಂದೇ ಮನೆತನದ ಹೆಸರಿನ ಇಬ್ಬರು ವಲಸಿಗರು ಸಹೋದರರೇ?

ಮಾನ್ಯರೆ, 1909ರಲ್ಲಿ ಮಿನ್ಸ್ಕ್ ಪ್ರಾಂತ್ಯದಿಂದ (ಆಗ ರಷ್ಯಾ ಸಾಮ್ರಾಜ್ಯ, ಈಗ ಬೆಲಾರೂಸ್) ನ್ಯೂಯಾರ್ಕಿಗೆ ಬಂದ ನಿಮ್ಮ ಪತಿಯ ಮುತ್ತಜ್ಜನೂ ಅದೇ ಮನೆತನದ ಹೆಸರಿನ ಮತ್ತೊಬ್ಬ ಯಹೂದಿ ವಲಸಿಗನೂ ಒಡಹುಟ್ಟಿದವರೇ ಎಂದು ಕೇಳಿದ್ದೀರಿ. ಹೆಸರಿನ ಹೋಲಿಕೆಯೊಂದನ್ನೇ ನಂಬಿ ಹಾಗೆ ತೀರ್ಮಾನಿಸಲಾಗದು.

ಮೊದಲು ಇಬ್ಬರ ಸಮಾಧಿ ಕಲ್ಲುಗಳ ಚಿತ್ರಗಳನ್ನು ಪಡೆಯಿರಿ. ಅವುಗಳ ಮೇಲಿನ ಹೀಬ್ರೂ ಬರಹದಲ್ಲಿ ಮೃತರ ಹೆಸರಿನೊಡನೆ ತಂದೆಯ ಹೆಸರೂ ಸಾಮಾನ್ಯವಾಗಿ ಇರುವುದರಿಂದ, ಅಮೆರಿಕದ ದಾಖಲೆಗಳಲ್ಲಿ ಎಲ್ಲಿಯೂ ಸಿಗದ ಸುಳಿವು ಅಲ್ಲಿ ಸಿಗಬಹುದು. ಆಶೀರ್ವದಿಸುವ ಎರಡು ಕೈಗಳ ಕೆತ್ತನೆ ಕೊಹೆನ್ ಎಂಬ ಪುರೋಹಿತ ವಂಶದ ಗುರುತು. ಅದು ತಂದೆಯಿಂದ ಮಗನಿಗೆ ಬರುವಂಥದ್ದಾದ್ದರಿಂದ, ಒಬ್ಬನು ಕೊಹೆನ್ ಆಗಿದ್ದು ಇನ್ನೊಬ್ಬನು ಲೇವಿಯನೆಂದು, ಅಂದರೆ ತಂದೆಯಿಂದಲೇ ಬರುವ ಇನ್ನೊಂದು ಯಹೂದಿ ವಂಶದವನೆಂದು, ಕಲ್ಲಿನಲ್ಲಿ ಬರೆದಿದ್ದರೆ ಇಬ್ಬರ ತಂದೆ ಒಬ್ಬನೇ ಆಗಿರಲಾರ. ಕಲ್ಲಿನ ಮೇಲೆ ಗುರುತೇ ಇಲ್ಲವೆಂಬುದು ಮಾತ್ರ ಏನನ್ನೂ ಸಾಬೀತುಪಡಿಸುವುದಿಲ್ಲ.

ಬಳಿಕ ಹಡಗಿನ ಪ್ರಯಾಣಿಕರ ಪಟ್ಟಿ. 1907ರ ನಂತರದ ಪಟ್ಟಿಗಳಲ್ಲಿ ಊರಿನಲ್ಲಿ ಉಳಿದ ಹತ್ತಿರದ ಬಂಧುವಿನ ಹೆಸರು, ಅಮೆರಿಕದಲ್ಲಿ ಯಾರ ಬಳಿಗೆ ಹೋಗುತ್ತಿದ್ದಾರೆ ಎಂಬ ವಿವರ ಎರಡೂ ಇರುತ್ತವೆ. ಎರಡನೆಯ ಪುಟವನ್ನು ನೋಡಲು ಮರೆಯಬೇಡಿ, ಬಹಳ ಮಂದಿ ಮೊದಲನೆಯದಕ್ಕೇ ನಿಲ್ಲಿಸುತ್ತಾರೆ. ಇಬ್ಬರೂ 1936ರ ನಂತರ ಬದುಕಿದ್ದರೆ, ಸೋಷಿಯಲ್ ಸೆಕ್ಯುರಿಟಿ (ಅಮೆರಿಕ ಸರ್ಕಾರದ ಪಿಂಚಣಿ ಯೋಜನೆ) ಅರ್ಜಿಯಲ್ಲಿ ತಾಯಿಯ ತವರು ಮನೆತನದ ಹೆಸರೂ ಸಿಗಬಹುದು.

ಇಬ್ಬರ ವಂಶಸ್ಥರ ಡಿಎನ್‌ಎ ಪರೀಕ್ಷೆ ಮಾಡಿಸಿದರೆ ಅದರ ಫಲಿತಾಂಶವನ್ನು ಎಚ್ಚರಿಕೆಯಿಂದ ಓದಬೇಕು. ಅಶ್ಕೆನಾಜಿ ಯಹೂದಿಗಳು (ಮಧ್ಯ ಮತ್ತು ಪೂರ್ವ ಯುರೋಪಿನ ಮೂಲದವರು) ಶತಮಾನಗಳ ಕಾಲ ತಮ್ಮೊಳಗೇ ಮದುವೆಯಾಗಿದ್ದರಿಂದ ದೂರದವರೂ ಹತ್ತಿರದ ನೆಂಟರಂತೆ ಕಾಣುತ್ತಾರೆ. ಇಬ್ಬರು ಹಂಚಿಕೊಂಡ ಡಿಎನ್‌ಎಯ ಒಟ್ಟು ಮೊತ್ತಕ್ಕಿಂತ ಅದರಲ್ಲಿನ ಅತಿ ಉದ್ದದ ಅಖಂಡ ತುಣುಕಿಗೇ ಹೆಚ್ಚು ಬೆಲೆ ಕೊಡಿ.